ಸಂತ ಜೋಸೆಫ್ ವಾಜ್

ಸಂತ ಜೋಸೆಫ್ ವಾಜ್ (21 ಏಪ್ರಿಲ್ 1651 – 16 ಜನವರಿ 1711) ಗೋವೆಯಲ್ಲಿ ಜನಿಸಿದ ಕಥೋಲಿಕ ಗುರು ಹಾಗೂ ಧರ್ಮಪ್ರಚಾರಕರು. ಇಂದಿನ ಶಿವಮೊಗ್ಗ ಜಿಲ್ಲೆಯ ಬಿದನೂರು ಕೆಳದಿ ಅರಸರ ರಾಜಧಾನಿಯಾಗಿದ್ದ ಕಾಲದಲ್ಲಿ, ಅವರು ಕೆನರಾ ಕರಾವಳಿಯಲ್ಲಿ 1681ರಿಂದ 1684ರವರೆಗೆ ಸೇವೆ ಸಲ್ಲಿಸಿದರು. ಅನಂತರ 1687ರಿಂದ ಮರಣದವರೆಗೆ ಶ್ರೀಲಂಕೆಯಲ್ಲಿ ದುಡಿದರು. ಈ ಕಾರಣದಿಂದ ಅವರನ್ನು ಶ್ರೀಲಂಕೆಯ ಅಪೊಸ್ತಲರೆಂದು ಕರೆಯಲಾಗುತ್ತದೆ. 2015ರಲ್ಲಿ ಅವರಿಗೆ ಸಂತಪದವಿ ಲಭಿಸಿತು.

ಜನನ ಮತ್ತು ಶಿಕ್ಷಣ

ಜೋಸೆಫ್ ವಾಜ್ ಅವರು ತಾಯಿಯ ಊರಾದ ಬೆನಾವ್ಲಿಯಲ್ಲಿ ಜನಿಸಿದರು. ತಂದೆ ಸಾಂಕ್ವಾಳದ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯಾ ದೆ ಮಿರಾಂದಾ. ಆರು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ಮನೆಯ ಮಾತು ಕೊಂಕಣಿ. ಸಾಂಕ್ವಾಳದಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬೆನಾವ್ಲಿಯಲ್ಲಿ ಲ್ಯಾಟಿನ್ ಭಾಷೆಯನ್ನೂ ಕಲಿತರು. ಮುಂದೆ ಗೋವೆಯ ಸಂತ ಪಾವ್ಲರ ಕಾಲೇಜಿನಲ್ಲಿಯೂ ದೊಮಿನಿಕನ್ ಸಭೆಯವರ ವಿದ್ಯಾಲಯದಲ್ಲಿಯೂ ಅಧ್ಯಯನ ನಡೆಸಿ, 1676ರಲ್ಲಿ ಗುರುದೀಕ್ಷೆ ಪಡೆದರು.

ಗುರುಜೀವನದ ಆರಂಭ

ದೀಕ್ಷೆಯ ನಂತರ ಅವರು ಬಡವರಂತೆ ಬರಿಗಾಲಿನಲ್ಲಿ ನಡೆಯತೊಡಗಿದರು. ಉತ್ತಮ ಪ್ರವಚನಕಾರರೆಂದೂ ತಾಳ್ಮೆಯಿಂದ ಪಾಪನಿವೇದನೆ ಕೇಳುವ ಗುರುವೆಂದೂ ಹೆಸರಾದರು. ಸಾಂಕ್ವಾಳದಲ್ಲಿ ಮಕ್ಕಳಿಗಾಗಿ ಲ್ಯಾಟಿನ್ ಶಾಲೆಯೊಂದನ್ನು ತೆರೆದರು. 1677ರ ಆಗಸ್ಟ್ 5ರಂದು ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಒಪ್ಪಿಸಿಕೊಂಡು ಪತ್ರವೊಂದನ್ನು ಬರೆದು ಸಹಿ ಹಾಕಿದರು.

ಈ ಅವಧಿಯಲ್ಲಿ ಶ್ರೀಲಂಕೆಯ ಕಥೋಲಿಕರ ದುಃಸ್ಥಿತಿಯ ಸುದ್ದಿ ಅವರ ಕಿವಿಗೆ ಬಿದ್ದಿತು. 1658ರ ವೇಳೆಗೆ ಡಚ್ಚರು ಪೋರ್ಚುಗೀಸರನ್ನು ಆ ದ್ವೀಪದಿಂದ ಹೊರಹಾಕಿ ಕಥೋಲಿಕ ಗುರುಗಳಿಗೆ ನಿಷೇಧ ವಿಧಿಸಿದ್ದರು. ಅಲ್ಲಿಯ ವಿಶ್ವಾಸಿಗಳು ಅನೇಕ ವರ್ಷಗಳಿಂದ ಬಲಿಪೂಜೆಯೂ ಸಂಸ್ಕಾರಗಳೂ ಇಲ್ಲದೆ ಬದುಕುತ್ತಿದ್ದರು. ಇದನ್ನು ದೇವರ ಕರೆಯೆಂದೇ ಗ್ರಹಿಸಿದ ವಾಜ್, ಅಲ್ಲಿಗೆ ಹೋಗಲು ಅನುಮತಿ ಬೇಡಿದರು. ಗೋವೆಯ ಧರ್ಮಾಡಳಿತವು ಅವರನ್ನು ಶ್ರೀಲಂಕೆಯ ಬದಲು ಕೆನರಾ ಪ್ರಾಂತ್ಯದ ಮುಖ್ಯಸ್ಥರನ್ನಾಗಿ ನೇಮಿಸಿತು. ತಾವು ಬಯಸಿದ ಕೆಲಸ ದೊರೆಯದಿದ್ದರೂ ಅವರು ಈ ನೇಮಕವನ್ನು ಒಪ್ಪಿಕೊಂಡು ಹೊರಟರು.

ಕೆನರಾದಲ್ಲಿ ಸೇವೆ

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಕೆಳದಿಯ ಶಿವಪ್ಪ ನಾಯಕನು ಹೊನ್ನಾವರ, ಬಸರೂರು, ಮಂಗಳೂರು ಮುಂತಾದೆಡೆಗಳಲ್ಲಿದ್ದ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡಿದ್ದನು. ಶಿವಮೊಗ್ಗ ನಗರದ ಅರಮನೆ ಇಂದಿಗೂ ಇದೇ ಅರಸನ ಹೆಸರಿನಲ್ಲಿದೆ. ವಾಜ್ ಕರಾವಳಿಗೆ ಬಂದಾಗ ಬಿದನೂರಿನಲ್ಲಿ ರಾಣಿ ಚೆನ್ನಮ್ಮ ಆಳುತ್ತಿದ್ದಳು. ಅಕ್ಕಿ ಮತ್ತು ಕರಿಮೆಣಸಿನ ವ್ಯಾಪಾರಕ್ಕಾಗಿ ಪೋರ್ಚುಗೀಸರೊಂದಿಗೆ ಒಪ್ಪಂದ ಮಾಡಿಕೊಂಡಿದ್ದ ಆಕೆ, ಕರಾವಳಿಯ ಕೆಲವು ಊರುಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ನೀಡಿದ್ದಳು. ಹೀಗೆ ಕ್ರೈಸ್ತರಲ್ಲದ ಅರಸರ ಆಳ್ವಿಕೆಯಲ್ಲಿ, ಪೋರ್ಚುಗೀಸ್ ಸೈನ್ಯದ ಆಸರೆಯಿಲ್ಲದೆ ಬದುಕುತ್ತಿದ್ದ ಕೊಂಕಣಿ ಕ್ರೈಸ್ತರ ನಡುವೆ ವಾಜ್ ಅವರ ಕೆಲಸ ಆರಂಭವಾಯಿತು.

ಅವರ ಮುಂದಿದ್ದ ಮೊದಲ ತೊಡಕು ಧರ್ಮಸಭೆಯ ಒಳಗಿನದೇ ಆಗಿತ್ತು. ಕೆನರಾದ ಕ್ರೈಸ್ತರ ಮೇಲಿನ ಅಧಿಕಾರ ಪೋರ್ಚುಗಲ್ ದೊರೆಯ ಪೋಷಕತ್ವದಲ್ಲಿದ್ದ ಗೋವೆಗೆ ಸೇರಿದ್ದೋ, ರೋಮಿನಿಂದ ನೇಮಕಗೊಂಡ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರಿಗೆ ಸೇರಿದ್ದೋ ಎಂಬ ವಿವಾದ ತೀವ್ರವಾಗಿತ್ತು. ಜನರೂ ಗುರುಗಳೂ ಎರಡು ಪಕ್ಷಗಳಾಗಿ ಒಡೆದಿದ್ದರು. ಗೋವೆಯ ಪ್ರತಿನಿಧಿಯಾಗಿದ್ದರೂ ವಾಜ್ ಜಗಳವನ್ನು ಬೆಳೆಸಲಿಲ್ಲ. ಬಿಷಪ್ಪರೊಂದಿಗೆ ಗೌರವದಿಂದ ಮಾತುಕತೆ ನಡೆಸಿ, ವಿವಾದದಿಂದ ವಿಶ್ವಾಸಿಗಳಿಗೆ ಸಂಸ್ಕಾರಗಳು ತಪ್ಪದಂತೆ ನೋಡಿಕೊಳ್ಳಲು ಶ್ರಮಿಸಿದರು.

ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿ, ಕಲ್ಯಾಣಪುರ ಮೊದಲಾದ ಊರುಗಳಲ್ಲಿ ಅವರು ಸಂಚರಿಸಿದರು. ಇಗರ್ಜಿಗಳನ್ನು ಕಟ್ಟಿಸಿದರು, ಶಾಲೆಗಳನ್ನು ತೆರೆದರು, ಊರಿನ ಜನರೇ ಸೇರಿ ನಡೆಸುವ ಭಕ್ತಸಂಘಗಳನ್ನು ಸ್ಥಾಪಿಸಿದರು. ಗುಲಾಮರಾಗಿ ಮಾರಾಟವಾಗಿದ್ದವರನ್ನು ಹಣ ತೆತ್ತು ಬಿಡಿಸಿದರು. ಮಂಗಳೂರಿನ ಸಮೀಪದ ಮುಡಿಪು ಗುಡ್ಡದಲ್ಲಿ ಅವರು ಮೊಣಕಾಲೂರಿ ಪ್ರಾರ್ಥಿಸಿದಾಗ ನೀರಿನ ಒರತೆಗಳು ಹುಟ್ಟಿದವೆಂಬ ಪ್ರತೀತಿ ಇದೆ. ಅಲ್ಲಿ ಈಗ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

ಓರೆಟರಿ ಸಭೆ

1684ರಲ್ಲಿ ಗೋವೆಗೆ ಮರಳಿದ ವಾಜ್, ಮರುವರ್ಷ ಅಲ್ಲಿಯ ದೇಶೀಯ ಗುರುಗಳ ಚಿಕ್ಕ ಬಳಗವೊಂದನ್ನು ಸೇರಿ ಅದರ ಮುಖ್ಯಸ್ಥರಾದರು. ಯುರೋಪಿಯನ್ ಸಂನ್ಯಾಸಿ ಸಭೆಗಳು ಆ ಕಾಲದಲ್ಲಿ ಸಾಮಾನ್ಯವಾಗಿ ಭಾರತೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆದ್ದರಿಂದ ದೇಶೀಯ ಗುರುಗಳೇ ನಡೆಸುವ ಈ ಸಭೆಗೆ ವಿಶೇಷ ಮಹತ್ತ್ವವಿತ್ತು. ಸಂತ ಫಿಲಿಪ್ ನೇರಿಯವರ ಓರೆಟರಿಯ ಮಾದರಿಯಲ್ಲಿ ವಾಜ್ ಇದಕ್ಕೆ ಕ್ರಮಬದ್ಧ ರೂಪ ನೀಡಿದರು. ಶ್ರೀಲಂಕೆಯ ಕೆಲಸಕ್ಕೆ ಮುಂದೆ ಗುರುಗಳು ದೊರೆತದ್ದು ಈ ಸಭೆಯಿಂದಲೇ.

ಶ್ರೀಲಂಕೆಯಲ್ಲಿ

1686ರಲ್ಲಿ ಅವರು ಹುದ್ದೆಯನ್ನು ತ್ಯಜಿಸಿ, ಜಾನ್ ಎಂಬ ಸೇವಕನೊಂದಿಗೆ ದಕ್ಷಿಣಕ್ಕೆ ಹೊರಟರು. ಕೆನರಾ ಮಾರ್ಗವಾಗಿ ತೂತ್ತುಕುಡಿ ತಲುಪಿ, ಡಚ್ಚರ ಕಣ್ಣು ತಪ್ಪಿಸಲು ಕೂಲಿಯವನ ವೇಷ ಧರಿಸಿ, 1687ರಲ್ಲಿ ಜಾಫ್ನಾ ಸೇರಿದರು. ಪ್ರಯಾಣದ ಬಳಲಿಕೆಯಿಂದ ರಕ್ತಭೇದಿಗೆ ತುತ್ತಾಗಿ ಸಾವಿನ ಅಂಚಿನವರೆಗೆ ಹೋಗಿ ಬದುಕಿದರು.

ಚೇತರಿಸಿಕೊಂಡ ಬಳಿಕ ಕೊರಳಿಗೆ ಜಪಮಾಲೆ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋಗತೊಡಗಿದರು. ಜಪಮಾಲೆಯನ್ನು ಕಂಡು ಯಾರ ಮುಖ ಅರಳುವುದೆಂದು ಗಮನಿಸಿ ಗುಪ್ತ ಕಥೋಲಿಕರನ್ನು ಗುರುತಿಸುತ್ತಿದ್ದರು. ಗುರುಗಳಿಲ್ಲದ ಆ ದಶಕಗಳಲ್ಲಿಯೂ ಗೃಹಸ್ಥರೇ ಮನೆಯೊಳಗೆ ಪ್ರಾರ್ಥನೆಯನ್ನು ಉಳಿಸಿಕೊಂಡು ಬಂದಿದ್ದರು. ಅಂಥವರ ಮನೆಗಳಲ್ಲಿ ರಾತ್ರಿವೇಳೆ ಬಲಿಪೂಜೆ ನಡೆಯತೊಡಗಿತು. ಸಿಲ್ಲಾಲೈ ಗ್ರಾಮ ಅವರ ಮೊದಲ ನೆಲೆಯಾಯಿತು. ಡಚ್ಚರ ಹುಡುಕಾಟ ಹೆಚ್ಚಾದಾಗ, 1690ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಸೇರಿದ್ದ ಪುತ್ತಳಂಗೆ ತೆರಳಿದರು.

1692ರಲ್ಲಿ ಕ್ಯಾಂಡಿ ಪಟ್ಟಣಕ್ಕೆ ಹೋದಾಗ ಪೋರ್ಚುಗೀಸ್ ಗೂಢಚಾರರೆಂಬ ಶಂಕೆಯಿಂದ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರನ್ನು ಬಂಧಿಸಿದನು. ಸೆರೆಯ ದಿನಗಳನ್ನು ಅವರು ಸಿಂಹಳ ಭಾಷೆಯ ಕಲಿಕೆಗೆ ಬಳಸಿಕೊಂಡರು. ಬರಗಾಲವೊಂದರಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಬಂದು ಅರಸನ ಮನಸ್ಸು ಪರಿವರ್ತನೆಯಾಯಿತೆಂಬುದು ಶ್ರೀಲಂಕೆಯ ಕಥೋಲಿಕರ ಪರಂಪರೆಯ ನಂಬಿಕೆ. ಮುಂದೆ ಅದೇ ಅರಸನ ರಕ್ಷಣೆಯಲ್ಲಿ ಅವರು ರಾಜ್ಯದಾದ್ಯಂತ ಸಂಚರಿಸಿದರು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ ವಾಜ್ ಮತ್ತು ಅವರ ಸಂಗಡಿಗರು ಮತಭೇದವಿಲ್ಲದೆ ಎಲ್ಲರ ಆರೈಕೆ ಮಾಡಿದರು, ಸತ್ತವರನ್ನು ಹೂಳಿದರು. ಅವರ ಸಂಗಡ ದುಡಿದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಕ್ರೈಸ್ತ ಸಾಹಿತ್ಯ ರಚಿಸಿ ಪ್ರಸಿದ್ಧರಾದರು. ಬಿಷಪ್ ಪದವಿಯ ಪ್ರಸ್ತಾಪ ಬಂದಾಗ ವಾಜ್ ಅದನ್ನು ನಿರಾಕರಿಸಿ ಸಾಮಾನ್ಯ ಗುರುವಾಗಿಯೇ ಉಳಿದರು.

ನಿಧನ ಮತ್ತು ಗೌರವ

1711ರ ಜನವರಿ 16ರಂದು ಜೋಸೆಫ್ ವಾಜ್ ಕ್ಯಾಂಡಿಯಲ್ಲಿ ನಿಧನರಾದರು. ಶ್ರೀಲಂಕೆಗೆ ಹೋದ ಬಳಿಕ ಅವರು ಗೋವೆಗೆ ಮರಳಲೇ ಇಲ್ಲ. ಪೋಪ್ ಎರಡನೆಯ ಜಾನ್ ಪಾಲ್ 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅದೇ ನಗರದಲ್ಲಿ ಸಂತಪದವಿ ಘೋಷಿಸಿದರು. ಜನವರಿ 16 ಅವರ ಹಬ್ಬದ ದಿನವಾಗಿದೆ.

ದೈವಕರೆಯೆಂದರೆ ಅಸಾಮಾನ್ಯ ದರ್ಶನವೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ವಾಜ್ ಅವರ ಜೀವನದಲ್ಲಿ ಅದು ಗುರುಗಳಿಲ್ಲದ ಜನರ ಸುದ್ದಿಯಾಗಿ, ಮೇಲಿನವರ ನೇಮಕಪತ್ರವಾಗಿ, ರೋಗಿಯ ನರಳಾಟವಾಗಿ ಬಂದಿತು. ಕೆನರಾದಲ್ಲಿ ಕಳೆದ ಮೂರು ವರ್ಷಗಳು ಅವರು ಕೇಳಿ ಪಡೆದವುಗಳಲ್ಲ. ಆದರೆ ಅರಸರ ಬೆಂಬಲವನ್ನು ನೆಚ್ಚದೆ, ಜನರ ನಡುವೆ ಇದ್ದು ಕೆಲಸ ಮಾಡುವ ಕ್ರಮವನ್ನು ಅವರು ರೂಢಿಸಿಕೊಂಡದ್ದು ಆ ವರ್ಷಗಳಲ್ಲಿಯೇ. ಕರಾವಳಿಯಲ್ಲಿಯೂ, ಅಲ್ಲಿಂದ ಘಟ್ಟ ಹತ್ತಿ ಮಲೆನಾಡಿನಲ್ಲಿ ನೆಲೆಸಿದ ಕೊಂಕಣಿ ಕಥೋಲಿಕ ಕುಟುಂಬಗಳಲ್ಲಿಯೂ ಅವರ ಸ್ಮರಣೆ ಇಂದಿಗೂ ಉಳಿದಿದೆ.