ಡಿಗ್ರಿ ಇಲ್ಲ ಅಂತ ಕೆಲಸ ಸಿಗಲಿಲ್ಲ, ರಂಗನತಿಟ್ಟು ಪಕ್ಷಿಧಾಮ ಆಗಿದ್ದು ಅವರಿಂದಲೇ!

ಶ್ರೀರಂಗಪಟ್ಟಣ: ಶಿವರಾತ್ರಿ ಹತ್ತಿರ ಬಂತು, ಚಳಿ ಕಾಲು ಕೀಳ್ತಿದೆ. ಉತ್ತರದಿಂದ ಬಂದಿದ್ದ ಬಾತುಗಳು ವಾಪಸ್ ಹೊರಡೋ ಟೈಮು. ರಂಗನತಿಟ್ಟಿನಲ್ಲಿ ಮಾತ್ರ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳ ಸಂಸಾರ ಜೋರಾಗಿದೆ. ಈ ಜಾಗ ಪಕ್ಷಿಧಾಮ ಆಗೋಕೆ ಕಾರಣರಾದ ಸಲೀಂ ಅಲಿ ಅವರ ಕಥೆ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಪುಟ್ಟ ಮಗುವಾಗಿದ್ದಾಗಲೇ ತಂದೆ-ತಾಯಿ ಇಬ್ಬರೂ ತೀರಿಕೊಂಡರು, ಸಾಕಿದ್ದು ಸೋದರಮಾವ. ಹುಡುಗನ ಕೈಗೆ ಏರ್‌ಗನ್ ಸಿಕ್ತು. ಒಂದಿನ ಹೊಡೆದು ಬೀಳಿಸಿದ ಗುಬ್ಬಚ್ಚಿಯ ಕತ್ತಿನ ಮೇಲೆ ಹಳದಿ ಮಚ್ಚೆ. ಇದ್ಯಾವ ಹಕ್ಕಿ ಅಂತ ಮಾವನಿಗೂ ಗೊತ್ತಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲ್ಲಾರ್ಡ್ ಸಾಹೇಬರ ಹತ್ತಿರ ಕಳಿಸಿದರು. ಅವರು ಬೈಯಲಿಲ್ಲ, ಡ್ರಾಯರ್ ಎಳೆದು ಸಾಲುಸಾಲು ಹಕ್ಕಿಗಳ ಸಂಗ್ರಹ ತೋರಿಸಿದರು. ಹುಡುಗನ ಬದುಕು ಅಲ್ಲಿಂದಲೇ ತಿರುಗಿತು.

ಆದರೆ ಓದು ಕೈ ಹಿಡಿಯಲಿಲ್ಲ. ಕಾಲೇಜು ಅರ್ಧಕ್ಕೆ ಬಿಟ್ಟು ಬರ್ಮಾಕ್ಕೆ ಹೋಗಿ ಮನೆಯವರ ಗಣಿ, ಮರದ ವ್ಯಾಪಾರ ನೋಡಿಕೊಂಡರು. ವ್ಯಾಪಾರವೂ ಕೈ ಹತ್ತಲಿಲ್ಲ. (ಅಂಗಡಿಯಲ್ಲಿ ಕೂತು ಹಕ್ಕಿ ನೋಡಿದರೆ ಇನ್ನೇನಾಗುತ್ತೆ!) ಸರ್ಕಾರದ ಪ್ರಾಣಿ ಸರ್ವೇಕ್ಷಣಾ ಇಲಾಖೆಯಲ್ಲಿ ಹಕ್ಕಿ ತಜ್ಞರ ಹುದ್ದೆ ಕೇಳಿದರೆ, ಡಿಗ್ರಿ ಇಲ್ಲ ಅಂತ ಕೊಡಲಿಲ್ಲ. ಮ್ಯೂಸಿಯಂನಲ್ಲಿ ಸಿಕ್ಕಿದ್ದ ಕೆಲಸವೂ, ಜರ್ಮನಿಗೆ ಹೋಗಿ ಕಲಿತು ಬರುವಷ್ಟರಲ್ಲಿ ಇರಲಿಲ್ಲ.

ಕೆಲಸವಿಲ್ಲದ ಆ ದಿನಗಳಲ್ಲೇ, 1930ರಲ್ಲಿ, ಮುಂಬೈ ಹತ್ತಿರದ ಕಿಹಿಂ ಎಂಬ ಊರಲ್ಲಿ ಕೂತು ಗೀಜಗನ ಗೂಡು ನೋಡಿದರು. ಗಂಡು ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತೆ. ಹೆಣ್ಣು ಬಂದು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಉಳಿದದ್ದು. ಹೆಣ್ಣು ಮೊಟ್ಟೆ ಮೇಲೆ ಕೂತ ಮೇಲೆ ಗಂಡು ಇನ್ನೊಂದು ಗೂಡು, ಇನ್ನೊಂದು ಹೆಣ್ಣಿನ ಕಡೆ! ಇದನ್ನ ಲೋಕಕ್ಕೆ ಬಿಡಿಸಿ ಹೇಳಿದ್ದು ಕೆಲಸವಿಲ್ಲದೆ ಕೂತಿದ್ದ ಈ ಮನುಷ್ಯ.

ಕಷ್ಟದಲ್ಲಿ ಜೊತೆಗಿದ್ದವರು ಹೆಂಡತಿ ತೆಹ್ಮಿನಾ. 1939ರಲ್ಲಿ ಒಂದು ಸಣ್ಣ ಆಪರೇಷನ್ ಆದ ಮೇಲೆ ಅವರೂ ಹೋದರು. ಮಕ್ಕಳಿರಲಿಲ್ಲ. ಆ ದುಃಖ ಇನ್ನೂ ಹಸಿಯಾಗಿದ್ದಾಗಲೇ, 1939-40ರಲ್ಲಿ, ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೆ ಕೆಲಸ ನಡೆಸಿದರು. ಕಾವೇರಿಗೆ ಹಿಂದಿನ ಅರಸರು ಕಟ್ಟಿದ್ದ ಅಣೆಯಿಂದಾದ ನಡುಗಡ್ಡೆಗಳಲ್ಲಿ ಗೂಡುಗಳನ್ನ ಕಂಡು, ಇದನ್ನ ಕಾಯಲೇಬೇಕು ಅಂತ ಸಂಸ್ಥಾನಕ್ಕೆ ಒತ್ತಾಯ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯ್ತು.

ಮರುವರ್ಷ ಅವರ ಭಾರತದ ಹಕ್ಕಿಗಳ ಪುಸ್ತಕ ಬಂತು. 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆ. 1987ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಬೆಳಿಗ್ಗೆಯೇ ದೋಣಿ ಹತ್ತಿದರೆ ಮೊಸಳೆ ಮಲಗಿರೋ ಬಂಡೆಗಳನ್ನ ದಾಟಿ ಹೋಗ್ತಾ ಗೂಡುಗಳು ಹತ್ತಿರದಿಂದಲೇ ಕಾಣ್ತವೆ. ಬಣ್ಣದ ಕೊಕ್ಕರೆ ಗೂಡನ್ನ ಸ್ವಲ್ಪ ಹೊತ್ತು ನೋಡಿ. ಇಲ್ಲಿ ಗೀಜಗನ ಥರ ಅಲ್ಲ, ಮೊಟ್ಟೆ ಮೇಲೆ ಗಂಡೂ ಸರದಿ ಪ್ರಕಾರ ಕೂರುತ್ತೆ.