ಸರ್ ರೊನಾಲ್ಡ್ ರಾಸ್: ಪರಾವಲಂಬಿಯ ಜಾಡು ಹಿಡಿದ ಬಾಳು

ಮಳೆಗಾಲ ಕಾಲಿಟ್ಟೊಡನೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಕಟ್ಟಡಗಳ ಮಾಳಿಗೆಯೇರಿ ನೀರಿನ ತೊಟ್ಟಿಗಳನ್ನು ಪರೀಕ್ಷಿಸುವ ನಗರಪಾಲಿಕೆಯ ನೌಕರರನ್ನು ಈ ಭಾಗದ ಕನ್ನಡಿಗರು ಬಲ್ಲರು. ನಿಂತ ನೀರಿಗೂ ಚಳಿಜ್ವರಕ್ಕೂ ಇರುವ ನಂಟು ಇಂದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆದರೆ ಆ ನಂಟಿನ ಗುಟ್ಟನ್ನು ಪ್ರಯೋಗದಿಂದ ಬಯಲಿಗೆ ತಂದ ಸರ್ ರೊನಾಲ್ಡ್ ರಾಸ್ ಅವರ ಬದುಕಿನಲ್ಲಿ ಬೆಂಗಳೂರಿಗೂ ಮುಂಬಯಿಗೂ ಪಾಲುಂಟೆಂಬುದು ಅಷ್ಟಾಗಿ ಪರಿಚಿತವಲ್ಲ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ಮೀರತ್ತಿನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗ ಮೂರೇ ದಿನಗಳಾಗಿದ್ದವು. ತಂದೆ ಸೈನ್ಯಾಧಿಕಾರಿ. ಎಂಟನೆಯ ವಯಸ್ಸಿನಲ್ಲಿ ಬಾಲಕನನ್ನು ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ಕಳುಹಿಸಲಾಯಿತು. ಕಾವ್ಯ, ಸಂಗೀತ, ಗಣಿತಗಳಲ್ಲಿ ಒಲವಿದ್ದ ಯುವಕ ತಂದೆಯ ಒತ್ತಾಯಕ್ಕೆ ಮಣಿದು ವೈದ್ಯಕೀಯ ಕಲಿತು, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿದನು. ವೃತ್ತಿಯಲ್ಲಿ ಮೊದಮೊದಲು ಹೇಳಿಕೊಳ್ಳುವಂಥ ಆಸಕ್ತಿಯೇನೂ ಇರಲಿಲ್ಲ.

1883ರಲ್ಲಿ ಬೆಂಗಳೂರಿನ ದಂಡಿನ ವೈದ್ಯರಾಗಿದ್ದಾಗ ಒಂದು ಸಣ್ಣ ಘಟನೆ ನಡೆಯಿತು. ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯೊಂದರಲ್ಲಿ ಅವುಗಳ ಮರಿಹುಳುಗಳು ಕಿಕ್ಕಿರಿದಿರುವುದನ್ನು ರಾಸ್ ಕಂಡರು. ನೀರನ್ನು ಚೆಲ್ಲಿಸಿದೊಡನೆ ಕಾಟ ತಗ್ಗಿತು. ಉಳಿದ ಪಾತ್ರೆಗಳ ನೀರನ್ನೂ ಚೆಲ್ಲಿಸೋಣವೆಂದರೆ ದಂಡಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಗೂ ಜ್ವರಕ್ಕೂ ಸಂಬಂಧವಿರಬಹುದೆಂಬ ಊಹೆ ಅಂದು ರಾಸ್ ಅವರಿಗೂ ಇರಲಿಲ್ಲ.

ಇನ್ನೊಂದು ಜೀವಿಯ ಒಡಲಲ್ಲಿ ನೆಲೆಸಿ, ಅದರ ಆಹಾರವನ್ನೇ ಉಂಡು, ಅದಕ್ಕೆ ಹಾನಿಯೆಸಗುವ ಜೀವಿಗೆ ಪರಾವಲಂಬಿಯೆಂದೂ, ಆಶ್ರಯವಿತ್ತ ಜೀವಿಗೆ ಆತಿಥೇಯವೆಂದೂ ಹೆಸರು. ಪರಾವಲಂಬಿಯ ಮುಖ್ಯ ಸಮಸ್ಯೆ ಊಟದ್ದಲ್ಲ, ಪಯಣದ್ದು: ಒಂದು ಒಡಲಿನಿಂದ ಇನ್ನೊಂದು ಒಡಲನ್ನು ಸೇರದಿದ್ದರೆ ಅದರ ಕುಲ ಅಳಿದುಹೋಗುತ್ತದೆ. 1880ರಲ್ಲಿ ಫ್ರೆಂಚ್ ಸೇನಾವೈದ್ಯ ಲಾವೆರಾನ್ ಅಲ್ಜೀರಿಯದಲ್ಲಿ ಮಲೇರಿಯಾ ರೋಗಿಯ ರಕ್ತದೊಳಗೆ ಪರಾವಲಂಬಿಯನ್ನು ಕಂಡರು. ಆದರೆ ಅದು ಮನುಷ್ಯನಿಂದ ಮನುಷ್ಯನಿಗೆ ದಾಟುವ ಬಗೆ ಯಾರಿಗೂ ತಿಳಿಯಲಿಲ್ಲ. ಆನೆಕಾಲು ರೋಗದ ಹುಳು ಸೊಳ್ಳೆಯ ಒಡಲಲ್ಲಿ ಬೆಳೆಯುವುದನ್ನು 1877ರಲ್ಲಿ ಚೀನಾದಲ್ಲಿ ತೋರಿಸಿದ್ದ ಪ್ಯಾಟ್ರಿಕ್ ಮ್ಯಾನ್ಸನ್, ಮಲೇರಿಯಾದಲ್ಲಿಯೂ ಸೊಳ್ಳೆಯ ಪಾತ್ರವಿರಬೇಕೆಂದು ತರ್ಕಿಸಿದರು. ಲಾವೆರಾನರ ಶೋಧವನ್ನೇ ಸಂಶಯಿಸುತ್ತಿದ್ದ ರಾಸ್, 1894ರಲ್ಲಿ ಲಂಡನ್ನಿನಲ್ಲಿ ಮ್ಯಾನ್ಸನ್ನರ ಸೂಕ್ಷ್ಮದರ್ಶಕದಲ್ಲಿ ಆ ಜೀವಿಯನ್ನು ಕಣ್ಣಾರೆ ಕಂಡು ಮನಸ್ಸು ಬದಲಿಸಿದರು.

1895ರಲ್ಲಿ ಹಡಗಿನಿಂದ ಮುಂಬಯಿಯಲ್ಲಿ ಇಳಿದ ರಾಸ್, ಸಾಮಾನುಗಳ ಸುಂಕದ ತಪಾಸಣೆ ಮುಗಿಯುವ ಮೊದಲೇ ಆಸ್ಪತ್ರೆಗೆ ಹೋಗಿ ಮಲೇರಿಯಾ ರೋಗಿಗಳನ್ನು ಅರಸಿದರಂತೆ. ಸಿಕಂದರಾಬಾದಿನಲ್ಲಿ ಸೊಳ್ಳೆಗಳನ್ನು ಸೀಳಿ ನೋಡುವ ಕಾಯಕ ಆರಂಭವಾಯಿತು. ಅಷ್ಟರಲ್ಲಿ ಕಾಲರಾ ಹತೋಟಿಗಾಗಿ ಸರಕಾರ ಅವರನ್ನು ಬೆಂಗಳೂರಿಗೆ ಕಳುಹಿಸಿತು. ಸೊಳ್ಳೆ ಸತ್ತ ನೀರನ್ನು ಕುಡಿದರೆ ಜ್ವರ ಬರುವುದೆಂಬ ಮ್ಯಾನ್ಸನ್ನರ ಊಹೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಸೋಲಿಗೆ ಇನ್ನೊಂದು ಕಾರಣವೂ ಇತ್ತು. ಪರಾವಲಂಬಿ ಎಲ್ಲರ ಮನೆಯ ಅತಿಥಿಯಲ್ಲ; ತನಗೆ ಒಗ್ಗುವ ಆತಿಥೇಯವನ್ನಷ್ಟೇ ಅದು ಆಶ್ರಯಿಸುತ್ತದೆ. ರಾಸ್ ಸೀಳಿದ ಸೊಳ್ಳೆಗಳಲ್ಲಿ ಬಹುಪಾಲು ಮನುಷ್ಯನ ಮಲೇರಿಯಾಕ್ಕೆ ನೆಲೆ ಕೊಡದ ಜಾತಿಯವು.

1897ರ ಆಗಸ್ಟ್ ತಿಂಗಳಲ್ಲಿ ಸಿಕಂದರಾಬಾದಿನಲ್ಲಿ ಚುಕ್ಕೆರೆಕ್ಕೆಯ ಬೇರೊಂದು ಜಾತಿಯ ಸೊಳ್ಳೆಗಳು ದೊರೆತವು. ಅವೇ ಅನಾಫಿಲಿಸ್. ಹುಸೇನ್ ಖಾನ್ ಎಂಬ ರೋಗಿ, ರಕ್ತ ಹೀರಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ತನ್ನ ಮೈಯನ್ನು ಅವುಗಳಿಗೆ ಒಡ್ಡಿದನು. ಆಗಸ್ಟ್ 20ರಂದು ಅಂಥ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ ಮಲೇರಿಯಾದ ಕಪ್ಪು ಕಣಗಳನ್ನು ಹೊತ್ತ ಗುಂಡಗಿನ ಕೋಶಗಳು ಕಾಣಿಸಿಕೊಂಡವು. ಪರಾವಲಂಬಿಯ ಎರಡನೆಯ ಮನೆ ಸಿಕ್ಕಿತ್ತು. ಆದರೆ ಮರುತಿಂಗಳೇ ವರ್ಗದ ಆಜ್ಞೆ ಬಂದಿತು. ರಾಸ್ ಮುಂಬಯಿಗೂ ಅಲ್ಲಿಂದ ಮಲೇರಿಯಾವೇ ಅಪರೂಪವಾಗಿದ್ದ ರಾಜಪುತಾನದ ಖೇರವಾಡಕ್ಕೂ ಹೋಗಬೇಕಾಯಿತು.

1898ರಲ್ಲಿ ಕಲ್ಕತ್ತೆಯಲ್ಲಿ ಅವಕಾಶ ದೊರೆತಾಗ ರಾಸ್ ಹಕ್ಕಿಗಳ ಮಲೇರಿಯಾವನ್ನು ಕೈಗೆತ್ತಿಕೊಂಡರು. ಮಹಮ್ಮದ್ ಬಕ್ಷ್ ಎಂಬ ಸಹಾಯಕ ನೆರವಾದನು. ಆ ವರ್ಷದ ಜುಲೈಯಲ್ಲಿ ಪರಾವಲಂಬಿಯ ಜಾಡು ಸೊಳ್ಳೆಯ ಜಠರದಿಂದ ಜೊಲ್ಲುಗ್ರಂಥಿಯವರೆಗೆ ತಲುಪಿತು. ಕಡಿತದೊಂದಿಗೆ ಅದು ಆರೋಗ್ಯವಂತ ಗುಬ್ಬಿಗಳ ರಕ್ತವನ್ನು ಸೇರುವುದೂ ಸಿದ್ಧವಾಯಿತು. ಪರಾವಲಂಬಿಯ ಗಂಡು ಹೆಣ್ಣು ಕಣಗಳು ಕೂಡುವುದು ಸೊಳ್ಳೆಯ ಒಡಲಲ್ಲಿ. ಆದುದರಿಂದ ಶಾಸ್ತ್ರದ ಪ್ರಕಾರ ಸೊಳ್ಳೆಯೇ ಪ್ರಧಾನ ಆತಿಥೇಯ. ಜ್ವರದಿಂದ ನರಳುವ ಮನುಷ್ಯ ಮಧ್ಯಂತರ ಆತಿಥೇಯ ಮಾತ್ರ.

ಮನುಷ್ಯನ ಮಲೇರಿಯಾದಲ್ಲಿಯೂ ಅನಾಫಿಲಿಸ್ ಸೊಳ್ಳೆಯಿಂದಲೇ ಈ ಚಕ್ರ ಪೂರ್ಣಗೊಳ್ಳುವುದನ್ನು ಇಟಲಿಯ ಗ್ರಾಸಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಶೋಧದ ಕೀರ್ತಿ ಯಾರದೆಂಬ ಜಗಳದಲ್ಲಿ ರಾಸ್ ಬಹಳ ಕಟುವಾಗಿ ನಡೆದುಕೊಂಡರು. 1902ರಲ್ಲಿ ನೊಬೆಲ್ ಬಹುಮಾನ ಬಂದ ಮೇಲೂ ಆ ಕಹಿ ಆರಲಿಲ್ಲ. ಸರಕಾರ ತಕ್ಕ ಪುರಸ್ಕಾರ ನೀಡಲಿಲ್ಲವೆಂಬ ಕೊರಗೂ ಕೊನೆಯವರೆಗೆ ಉಳಿಯಿತು. ಒಂದಾಣೆಗೆ ಮೈಯೊಡ್ಡಿದ ಹುಸೇನ್ ಖಾನನಿಗಾದರೋ ಕೀರ್ತಿಯ ಮಾತೇ ಇರಲಿಲ್ಲ. 1932ರ ಸೆಪ್ಟೆಂಬರ್ 16ರಂದು ರಾಸ್ ಲಂಡನ್ನಿನಲ್ಲಿ ತೀರಿಕೊಂಡರು.

ಆದರೆ ಅವರ ಉತ್ತರಾರ್ಧದ ಸಾಧನೆಯೂ ಕಿರಿದಲ್ಲ. ಬಾಲ್ಯದ ಗಣಿತಪ್ರೇಮ ಅಲ್ಲಿ ಫಲಕೊಟ್ಟಿತು. ಮಲೇರಿಯಾವನ್ನು ತೊಲಗಿಸಲು ಕಟ್ಟಕಡೆಯ ಸೊಳ್ಳೆಯನ್ನೂ ಕೊಲ್ಲಬೇಕಾಗಿಲ್ಲ. ಅವುಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಪರಾವಲಂಬಿಯ ಪಯಣ ತಾನಾಗಿ ಕಡಿದುಬೀಳುತ್ತದೆ ಎಂಬುದನ್ನು ಅವರು ಲೆಕ್ಕಾಚಾರದಿಂದ ಸಾಧಿಸಿದರು. 1911ರಲ್ಲಿ ಬೆಂಟ್ಲಿಯವರು ಮುಂಬಯಿ ನಗರದ ಮಲೇರಿಯಾಕ್ಕೆ ಅಲ್ಲಿನ ಬಾವಿಗಳಲ್ಲಿ ಹುಟ್ಟುವ ಅನಾಫಿಲಿಸ್ ಸ್ಟಿಫೆನ್ಸಿ ಸೊಳ್ಳೆಯೇ ಕಾರಣವೆಂದು ವರದಿ ಮಾಡಿದರು. ಈಗ ಬಾವಿಗಳು ವಿರಳವಾಗಿವೆ. ಆದರೆ ಮಾಳಿಗೆಯ ತೊಟ್ಟಿಯೂ ಕಟ್ಟುತ್ತಿರುವ ಕಟ್ಟಡದಲ್ಲಿ ನಿಂತ ನೀರೂ ಅದೇ ಸೊಳ್ಳೆಗೆ ತೊಟ್ಟಿಲಾಗಬಲ್ಲವು. ನಗರಪಾಲಿಕೆಯ ನೌಕರ ಮುಚ್ಚಳವೆತ್ತಿ ನೋಡುವಾಗ ಮಾಡುವುದು, 1883ರಲ್ಲಿ ಬೆಂಗಳೂರಿನ ಕಿಟಕಿಯ ಹೊರಗೆ ಅರ್ಧಕ್ಕೆ ನಿಂತ ಕೆಲಸವನ್ನೇ.