ತನ್ನ ಗಂಟಲನ್ನು ತಾನೇ ನೋಡಿಕೊಂಡ ಹಾಡಿನ ಮೇಷ್ಟ್ರು

ಕನ್ನಡಿಯ ಮುಂದೆ ನಿಂತು ಬಾಯಿ ಅಗಲಿಸಿ ಒಮ್ಮೆ ‘ಆ’ ಎನ್ನಿ. ಹಲ್ಲು, ನಾಲಗೆ, ಹಿಂದೆ ಜೋತುಬಿದ್ದಿರುವ ಕಿರುನಾಲಗೆ, ಅದರ ಅಕ್ಕಪಕ್ಕದಲ್ಲಿ ಟಾನ್ಸಿಲ್ ಎಲ್ಲವೂ ಕಾಣುತ್ತವೆ. ಆದರೆ ಆ ದನಿ ಹುಟ್ಟಿದ ಜಾಗ ಮಾತ್ರ ಕಾಣುವುದಿಲ್ಲ. ಬಾಯಿಯ ದಾರಿ ನಾಲಗೆಯ ಬುಡದ ಹಿಂದೆ ಕೆಳಕ್ಕೆ ತಿರುಗುತ್ತದೆ. ನಮ್ಮ ನೋಟ ತಿರುಗುವುದಿಲ್ಲ. ತಿರುವಿನ ಕೆಳಗೆ, ಗಂಟಲಮಣಿಯ ಹಿಂದೆ ಧ್ವನಿಪೆಟ್ಟಿಗೆ ಅಡಗಿ ಕೂತಿದೆ.

ಹೆಣ ಕೊಯ್ದು ಅದರ ರಚನೆಯನ್ನು ಅರಿತವರು ಹಿಂದೆಯೂ ಇದ್ದರು. ಆದರೆ ಬದುಕಿರುವ ಮನುಷ್ಯ ಉಸಿರಾಡುವಾಗ, ಹಾಡುವಾಗ ಅಲ್ಲಿ ಏನು ನಡೆಯುತ್ತದೆ? ಅದನ್ನು ನಿಚ್ಚಳವಾಗಿ ನೋಡಿ ಲೋಕಕ್ಕೆ ತಿಳಿಸಿದವನು ವೈದ್ಯನಲ್ಲ, ಹಾಡು ಕಲಿಸುವ ಮೇಷ್ಟ್ರು. ಹೆಸರು ಮ್ಯಾನ್ಯುಯೆಲ್ ಗಾರ್ಸಿಯಾ.

ಕೆಟ್ಟುಹೋದ ದನಿ

ಗಾರ್ಸಿಯಾ ಹುಟ್ಟಿದ್ದು 1805ರ ಮಾರ್ಚ್ 17ರಂದು, ಸ್ಪೇನಿನಲ್ಲಿ. ಮನೆತುಂಬ ಸಂಗೀತ. ಅದೇ ಹೆಸರಿನ ತಂದೆ ಯುರೋಪಿನಲ್ಲಿ ಹೆಸರುವಾಸಿಯಾದ ಆಪೆರಾ ಗಾಯಕ. ತಂಗಿಯರಾದ ಮರಿಯಾ ಮಾಲಿಬ್ರಾನ್ ಮತ್ತು ಪೌಲೀನ್ ವಿಯಾರ್ದೊ ಮುಂದೆ ಯುರೋಪಿನ ದೊಡ್ಡ ಗಾಯಕಿಯರಾದರು.

1825ರಲ್ಲಿ ತಂದೆ ತನ್ನ ತಂಡ ಕಟ್ಟಿಕೊಂಡು ನ್ಯೂಯಾರ್ಕಿಗೆ ಹೋಗಿ ಅಲ್ಲಿನವರಿಗೆ ಇಟಾಲಿಯನ್ ಆಪೆರಾದ ರುಚಿ ಹತ್ತಿಸಿದ. ‘ದ ಬಾರ್ಬರ್ ಆಫ್ ಸೆವಿಲ್’ ಆಪೆರಾದಲ್ಲಿ ಫಿಗಾರೊ ಪಾತ್ರ ಇಪ್ಪತ್ತರ ಹರೆಯದ ಮಗನದು. ಇನ್ನೂ ಪೂರ್ತಿ ಬಲಿಯದ ದನಿಗೆ ಅದು ಹೊರಲಾರದ ಭಾರವಾಯಿತು. ಮೂವತ್ತು ತುಂಬುವ ಮೊದಲೇ ಆತ ರಂಗ ಬಿಟ್ಟ. ಹಾಡುಗಾರರ ಮನೆಯಲ್ಲಿ ಹುಟ್ಟಿ ಹಾಡಲಾರದವನಾಗುವುದು ಎಂಥ ಸಂಕಟ ಎಂದು ಬಿಡಿಸಿ ಹೇಳಬೇಕಿಲ್ಲ.

1830ರಲ್ಲಿ ಆತ ಫ್ರೆಂಚ್ ಸೇನೆಯ ಜೊತೆ ಆಲ್ಜಿಯರ್ಸ್‌ಗೆ ಹೋದ. ಮರಳಿ ಬಂದು ಸೇನಾ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತ ಗಂಟಲಿನ ಅಂಗರಚನೆ ಕಲಿತ. ದನಿ ಹೇಗೆ ಹುಟ್ಟುತ್ತದೆ, ಯಾಕೆ ಕೆಡುತ್ತದೆ ಎಂಬ ಪ್ರಶ್ನೆ ಆತನನ್ನು ಬಿಡಲಿಲ್ಲ. 1840ರಲ್ಲಿ ಮನುಷ್ಯನ ದನಿಯ ಬಗ್ಗೆ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಪ್ರಬಂಧ ಒಪ್ಪಿಸಿದ.

ಮರುವರ್ಷ ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್ ಆತನ ಬಳಿ ಬಂದಳು. ವಯಸ್ಸು ಇಪ್ಪತ್ತು. ಬಿಡುವಿಲ್ಲದೆ ಹಾಡಿ ಹಾಡಿ ದನಿ ಒಡೆದಿತ್ತು. ಗಾರ್ಸಿಯಾ ಪಾಠ ಶುರುಮಾಡಲಿಲ್ಲ. ಕೆಲವು ವಾರ ಹಾಡಲೇಬಾರದು, ಮಾತನ್ನೂ ಆದಷ್ಟು ಕಡಿಮೆ ಮಾಡಬೇಕು ಎಂದು ಕಟ್ಟುನಿಟ್ಟು ಮಾಡಿದ. ಗಂಟಲು ಸುಧಾರಿಸಿಕೊಂಡ ಮೇಲೆ ತಿಂಗಳುಗಟ್ಟಲೆ ಕಲಿಸಿದ. ಆಕೆ ಮುಂದೆ ಆ ಶತಮಾನದ ಅತಿ ಪ್ರಸಿದ್ಧ ಗಾಯಕಿಯರಲ್ಲಿ ಒಬ್ಬಳಾದಳು. ತನ್ನ ದನಿಯನ್ನು ಉಳಿಸಿಕೊಳ್ಳಲಾರದವನು ಇನ್ನೊಬ್ಬರದನ್ನು ಉಳಿಸಿದ್ದ.

ಆರು ಫ್ರಾಂಕಿನ ಕನ್ನಡಿ

1848ರಿಂದ ಗಾರ್ಸಿಯಾ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಪಾಠ ಮಾಡುತ್ತಿದ್ದ. 1854ರ ಸೆಪ್ಟೆಂಬರಿನಲ್ಲಿ ರಜೆಗೆಂದು ಪ್ಯಾರಿಸ್ಸಿಗೆ ಬಂದಿದ್ದ. ಪಾಲೆ ರಾಯಲ್ ಆವರಣದಲ್ಲಿ ಅಡ್ಡಾಡುವಾಗ ಕಿಟಕಿ ಗಾಜಿನ ಮೇಲೆ ಬಿಸಿಲು ಮಿಂಚಿತು. ಬೆಳಕು ತಿರುಗಬಲ್ಲದಾದರೆ ನೋಟವೂ ತಿರುಗಬಲ್ಲದು. ಎರಡು ಕನ್ನಡಿ ಇದ್ದರೆ ಸಾಕು ಎಂದು ಹೊಳೆಯಿತು.

ನೇರ ಶಾರಿಯೇರ್ ಎಂಬ ಶಸ್ತ್ರಚಿಕಿತ್ಸಾ ಸಲಕರಣೆಗಳ ಅಂಗಡಿಗೆ ಹೋದ. ಹಲ್ಲಿನ ವೈದ್ಯರಿಗೆಂದು ಮಾಡಿದ್ದ, ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದು ಅಲ್ಲಿ ಸಿಕ್ಕಿತು. ಬೆಲೆ ಆರು ಫ್ರಾಂಕ್. ಮನೆಗೆ ಬಂದು, ಉಸಿರಿನ ಹಬೆ ಕೂರದಂತೆ ಅದನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಕಿರುನಾಲಗೆಗೆ ತಾಗಿಸಿ ಹಿಡಿದ. ಇನ್ನೊಂದು ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿದ. ಅಲ್ಲಿ ಬಾಯ್ದೆರೆದ ಧ್ವನಿಪೆಟ್ಟಿಗೆ ಕಂಡಿತು. ಅದು ಆತನದೇ!

ಈ ಪ್ರಯೋಗ ಹೇಳಿದಷ್ಟು ಸುಲಭವಲ್ಲ. ಕಿರುನಾಲಗೆಗೆ ಏನಾದರೂ ತಾಗಿದರೆ ನಮ್ಮಲ್ಲಿ ಹೆಚ್ಚಿನವರಿಗೆ ವಾಕರಿಕೆ ಬರುತ್ತದೆ. ಗಾರ್ಸಿಯಾ ಅದನ್ನು ತಡೆದುಕೊಂಡು ಹಾಡಿಯೂ ನೋಡಿದ.

ತಂತಿಯಲ್ಲ, ಮಡಿಕೆ

ನಾವು ಧ್ವನಿತಂತು ಎನ್ನುತ್ತೇವೆ. ವೀಣೆಯ ತಂತಿಯಂಥದ್ದೇನೋ ಗಂಟಲಿನಲ್ಲಿ ಬಿಗಿದಿದೆ ಎನಿಸುತ್ತದೆ. ಈ ಕಲ್ಪನೆ ಹಳೆಯದು. 1741ರಲ್ಲಿ ಫ್ರಾನ್ಸಿನ ಫೆರೇನ್ ಎಂಬ ಅಂಗರಚನಾ ತಜ್ಞ ಅವನ್ನು ತಂತಿವಾದ್ಯಕ್ಕೆ ಹೋಲಿಸಿ ತಂತಿ ಎಂದೇ ಕರೆದ. ನಿಜಕ್ಕೂ ಅವು ಎರಡು ಮಡಿಕೆಗಳು: ಒಳಗೆ ಸ್ನಾಯು, ಮೇಲೆ ತೇವದ ಮೆತ್ತನೆಯ ಪೊರೆ. ಉಸಿರೆಳೆದಾಗ ದೂರ ಸರಿಯುತ್ತವೆ, ದನಿ ಮಾಡುವಾಗ ಹತ್ತಿರ ಬಂದು ಬಾಗಿಲು ಹಾಕುತ್ತವೆ. ಶ್ವಾಸಕೋಶದಿಂದ ಬಂದ ಗಾಳಿ ಆ ಬಾಗಿಲನ್ನು ತಳ್ಳಿ ಹೊರಬರುತ್ತದೆ, ಬಾಗಿಲು ಮತ್ತೆ ಮುಚ್ಚುತ್ತದೆ. ಮಾತಾಡುವಾಗ ಇದು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100 ಸಲ, ಹೆಂಗಸರಲ್ಲಿ ಸುಮಾರು 200 ಸಲ ನಡೆಯುತ್ತದೆ. ಹೀಗೆ ಬಿಟ್ಟುಬಿಟ್ಟು ಹೊಮ್ಮುವ ಗಾಳಿಯೇ ದನಿಯ ಮೂಲ. ಅದನ್ನು ಅ, ಇ, ಉ ಮಾಡುವುದು ಮೇಲಿನ ಗಂಟಲು, ಬಾಯಿ, ನಾಲಗೆ, ತುಟಿಗಳ ಕೆಲಸ.

ತಾನು ಕಂಡದ್ದನ್ನು ಗಾರ್ಸಿಯಾ 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ. ಗಾಳಿ ಹೀಗೆ ತುಂಡುತುಂಡಾಗಿ ಹೊಮ್ಮುವುದರಿಂದ ದನಿ ಹುಟ್ಟುತ್ತದೆ ಎಂಬ ಆತನ ವಿವರಣೆಯ ತಿರುಳು ಇಂದಿಗೂ ನಿಂತಿದೆ.

ವೈದ್ಯರ ಕೈಗೆ

1857ರಿಂದ ಈಚೆಗೆ ವಿಯೆನ್ನಾದ ಟ್ಯೂರ್ಕ್ ಮತ್ತು ಬುಡಾಪೆಸ್ಟಿನ ಚೆರ್ಮಾಕ್ ಈ ಕನ್ನಡಿಯನ್ನು ರೋಗಿಗಳ ಗಂಟಲಿಗೆ ಇಳಿಸಿದರು. ಬಿಸಿಲಿಗೆ ಕಾಯದೆ ದೀಪದ ಬೆಳಕು ಬಳಸಿದ್ದು ಚೆರ್ಮಾಕ್. ಯಾರು ಮೊದಲು ಎಂದು ಇಬ್ಬರೂ ಜಗಳಕ್ಕೆ ಬಿದ್ದರು. ಗಾರ್ಸಿಯಾ ತನ್ನ ಪಾಡಿಗೆ ಹಾಡು ಕಲಿಸುತ್ತಿದ್ದ. ಅಲ್ಲಿಯವರೆಗೆ ಊಹಿಸಬೇಕಿದ್ದ ಧ್ವನಿಪೆಟ್ಟಿಗೆಯ ಗಂಟು, ಹುಣ್ಣು, ಕ್ಷಯಗಳನ್ನು ವೈದ್ಯರು ಈಗ ಕಣ್ಣಾರೆ ನೋಡಬಹುದಾಯಿತು.

ಗಾರ್ಸಿಯಾ ತೊಂಬತ್ತರವರೆಗೂ ಅಕಾಡೆಮಿಯಲ್ಲಿ ಕಲಿಸಿದ. 1905ರಲ್ಲಿ ಆತನ ನೂರನೇ ಹುಟ್ಟುಹಬ್ಬವನ್ನು ಲಂಡನ್ನಿನಲ್ಲಿ ಗಾಯಕರೂ ವೈದ್ಯರೂ ಸೇರಿ ಆಚರಿಸಿದರು. 1906ರ ಜುಲೈ 1ರಂದು ತೀರಿಕೊಂಡಾಗ ವಯಸ್ಸು 101.

ನಮ್ಮ ಗಂಟಲಿಗೆ

ದನಿ ಕೂತಾಗ ನಾವು ಮೆಣಸಿನ ಕಷಾಯ, ಜೇನು, ಜೇಷ್ಠಮಧುವಿನ ಮೊರೆಹೋಗುತ್ತೇವೆ. ಗಂಟಲಿಗೆ ಹಿತವೇನೋ ಹೌದು. ಆದರೆ ಅವು ಧ್ವನಿತಂತುಗಳಿಗೆ ಹಚ್ಚಿದ ಮುಲಾಮು ಎಂದುಕೊಳ್ಳುವುದು ತಪ್ಪು. ನುಂಗಿದ್ದು ಹಿಂದಿನ ಅನ್ನನಾಳಕ್ಕೆ ಇಳಿಯುತ್ತದೆ. ಆಗ ಧ್ವನಿಪೆಟ್ಟಿಗೆ ಮುಚ್ಚಿಕೊಂಡಿರುತ್ತದೆ. ತಪ್ಪಿ ಒಂದು ಹನಿ ಒಳಹೊಕ್ಕರೂ ನೆತ್ತಿಗೆ ಹತ್ತಿ ಕೆಮ್ಮು ಬರುತ್ತದೆ. ದಣಿದ ದನಿಗೆ ಮೊದಲು ಬೇಕಾದದ್ದು ಜೆನ್ನಿ ಲಿಂಡ್‌ಗೆ ಸಿಕ್ಕಿದ ಆ ವಿಶ್ರಾಂತಿಯೇ.

ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ಕಷಾಯ ಕುಡಿಯುತ್ತ ಕೂರದೆ ಕಿವಿ, ಮೂಗು, ಗಂಟಲಿನ ವೈದ್ಯರನ್ನು ಕಾಣಬೇಕು. ಬೀಡಿ, ಸಿಗರೇಟು, ತಂಬಾಕಿನ ಚಟವಿದ್ದವರಂತೂ ತಡಮಾಡಬಾರದು. ಇವತ್ತು ಅವರ ಬಳಿ ಸಣ್ಣ ಕ್ಯಾಮೆರಾ ಇರುತ್ತದೆ. ಕೆಲವರು ಈಗಲೂ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ಬಿಸಿ ಮಾಡಿ, ಬಾಯಿ ತೆರೆಯಲು ಹೇಳುತ್ತಾರೆ. ಅದನ್ನು ಕಂಡರೆ ಗಾರ್ಸಿಯಾನನ್ನು ನೆನೆಯೋಣ.